ಬೋರು ದೊಡ್ಡದು, ಹಿಡಿಕೆ ಸಣ್ಣದು

ರಿವಾಲ್ವರ್ ಕೊಳ್ಳಲು ಹೋದವರು ಮೊದಲು ಕೇಳುವುದು ಬೋರು ಎಷ್ಟೆಂದು. ಆಮೇಲೆ ರೇಟು. ಅದಾದ ಮೇಲೆ ನಳಿಕೆಯ ಉದ್ದ, ಲೋಹದ ಹೊಳಪು, ಜೊತೆಗೆ ಕೊಡುವ ಪೆಟ್ಟಿಗೆ. ಹಿಡಿಕೆ ತನ್ನ ಅಂಗೈಗೆ ಕೂಡುತ್ತದೆಯೇ ಎಂದು ನೋಡುವವರು ತೀರ ಕಡಿಮೆ. ಅದೇ ಮನುಷ್ಯ ಕೊಲ್ಹಾಪುರದಲ್ಲಿ ಒಂದು ಜೊತೆ ಚಪ್ಪಲಿ ಕೊಳ್ಳುವಾಗ ಉಂಗುಟ ಬಿಗಿಯಾಯಿತು, ಹಿಮ್ಮಡಿ ಹೊರಗೆ ಬಂತು ಎಂದು ಅಂಗಡಿ ತುಂಬ ಓಡಾಡಿ ನಾಲ್ಕು ಜೊತೆ ಇಳಿಸಿ ಹಾಕಿಸುತ್ತಾನೆ. ಲಕ್ಷ ರೂಪಾಯಿಯ ಆಯುಧಕ್ಕೆ ಆ ಮರ್ಯಾದೆ ಇಲ್ಲ.

ಬೇರೆ ಊರಾಗಿದ್ದರೆ ಈ ಮಾತನ್ನು ಇಷ್ಟಕ್ಕೇ ಬಿಡಬಹುದಿತ್ತು. ಕೊಲ್ಹಾಪುರದ ವಿಷಯ ಹಾಗಲ್ಲ. ಕುಸ್ತಿಯ ಊರೆಂದು ಹೆಸರಾದ ಈ ಜಿಲ್ಲೆ ಈಚಿನ ಎರಡು ದಶಕಗಳಲ್ಲಿ ಗುರಿಕಾರರ ಜಿಲ್ಲೆಯೂ ಆಗಿದೆ. 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ರೈಫಲ್ ಪ್ರೋನ್ ವಿಭಾಗದಲ್ಲಿ 597 ಅಂಕ ಗಳಿಸಿ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ ಇಲ್ಲಿಯವರು. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ರಾಧಾನಗರಿ ತಾಲ್ಲೂಕಿನ ಕಂಬಳವಾಡಿಯವರು. ನನ್ನ ವಿಷಯಕ್ಕೆ ಹೆಚ್ಚು ಹತ್ತಿರದವರು ಮಾತ್ರ ರಾಹಿ ಸರ್ನೋಬತ್, ಏಕೆಂದರೆ ಅವರ ಕೈಯಲ್ಲಿರುವುದು ಪಿಸ್ತೂಲು. ಹೆಗಲಿಗೆ ಒರಗಿಸಲು ಅದಕ್ಕೆ ದಂಡಿಗೆಯಿಲ್ಲ. ಇರುವುದೆಲ್ಲ ಒಂದು ಮುಷ್ಟಿ. 2018ರ ಏಷ್ಯನ್ ಗೇಮ್ಸ್‌ನ 25 ಮೀಟರ್ ಪಿಸ್ತೂಲು ಫೈನಲ್‌ನಲ್ಲಿ ಅವರೂ ಥಾಯ್ಲೆಂಡಿನ ಸ್ಪರ್ಧಿಯೂ 34ರಲ್ಲಿ ಸಮ ನಿಂತು, ಶೂಟ್ ಆಫ್‌ನಲ್ಲಿ ಚಿನ್ನ ರಾಹಿಯ ಪಾಲಾಯಿತು. ಏಷ್ಯನ್ ಗೇಮ್ಸ್ ಶೂಟಿಂಗ್‌ನಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಅವರು.

ಆ ಸ್ಪರ್ಧೆಯ ವೇಗದ ಸುತ್ತನ್ನು ನೋಡಿದರೆ ಹಿಡಿಕೆಯ ಬೆಲೆ ತಾನಾಗಿ ತಿಳಿಯುತ್ತದೆ. ಗುರಿ ಕಾಣಿಸುವುದು ಮೂರೇ ಸೆಕೆಂಡು, ಮತ್ತೆ ಏಳು ಸೆಕೆಂಡು ಮರೆ. ಕಾಯುವಾಗ ಕೈ ಕೆಳಗಿರಬೇಕು. ಗುರಿ ಕಂಡೊಡನೆ ಕೈ ಎತ್ತಿ, ಸೈಟು ಕೂಡಿಸಿ, ಒಂದು ಈಡು. ಆ ಮೂರು ಸೆಕೆಂಡಿನಲ್ಲಿ ಮುಷ್ಟಿಯನ್ನು ಸರಿಪಡಿಸಿಕೊಳ್ಳುವ ಮಾತೇ ಇಲ್ಲ; ಹಿಡಿಕೆಯೇ ಸೈಟನ್ನು ಕಣ್ಣೆದುರಿಗೆ ತಂದುಕೊಡಬೇಕು. ಅದಕ್ಕೇ ಸ್ಪರ್ಧೆಯ ಪಿಸ್ತೂಲಿನ ಹಿಡಿಕೆ ನೋಡಲು ಸೊಟ್ಟಸೊಟ್ಟ. ಹೆಬ್ಬೆರಳಿಗೊಂದು ಗೂಡು, ಅಂಗೈಯ ತಗ್ಗಿಗೆ ಎದುರಾಗಿ ಒಂದು ಉಬ್ಬು, ಕೆಳಗೆ ಕೈಯಂಚು ಕೂರಲು ಸ್ಕ್ರೂ ಬಿಗಿದು ಏರಿಸಿ ಇಳಿಸಬಹುದಾದ ಒಂದು ಹಲಗೆ. ಕಾರ್ಖಾನೆಯಿಂದ ಬಂದ ಆಕಾರ ಅಲ್ಲಿಗೆ ಮುಗಿಯುವುದಿಲ್ಲ. ಕೈ ತಾಗದ ಕಡೆ ಮರದ ಪುಟ್ಟಿ ಮೆತ್ತಿ, ಒತ್ತಿದ ಕಡೆ ಅರದಿಂದ ಉಜ್ಜಿ, ಉಪ್ಪುಕಾಗದ ಹಿಡಿದು ವಾರಗಟ್ಟಲೆ ತಿದ್ದುತ್ತಾರೆ. ಎಲ್ಲಿ ತಾಗುತ್ತದೆ, ಎಲ್ಲಿ ಇಲ್ಲ ಎಂಬುದನ್ನು ಬೆವರಿನ ಕಲೆಯೇ ಹೇಳುತ್ತದೆ. ಪರೀಕ್ಷೆಯೂ ಸರಳ: ಖಾಲಿ ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ, ಕೈಯನ್ನು ಗುರಿಯ ಎತ್ತರಕ್ಕೆ ಎತ್ತಿ, ಕಣ್ಣು ತೆರೆಯಬೇಕು. ಮುಂದಿನ ಸೈಟು ಹಿಂದಿನ ಸೈಟಿನ ಸಂದಿನೊಳಗೆ ನಿಂತಿದ್ದರೆ ಹಿಡಿಕೆ ನಿಮ್ಮದು. ಪಕ್ಕಕ್ಕೆ ವಾಲಿದ್ದರೆ ಮರವನ್ನು ತಿದ್ದಬೇಕು, ಮಣಿಕಟ್ಟನ್ನಲ್ಲ.

ಈಗ ರಿವಾಲ್ವರಿಗೆ ಬರೋಣ. ದೊಡ್ಡ ಬೋರಿನ ರಿವಾಲ್ವರ್ ಎಂದೊಡನೆ ನೆನಪಾಗುವುದು 1971ರ ‘ಡರ್ಟಿ ಹ್ಯಾರಿ’ ಸಿನೆಮಾದ .44 ಮ್ಯಾಗ್ನಮ್. ಅದನ್ನು ನೋಡಿ ಕಲಿತ ನಮ್ಮ ಹೀರೋಗಳೂ ಒಂದೇ ಕೈಯಲ್ಲಿ, ಮೊಣಕೈ ಸಡಿಲ ಬಿಟ್ಟು, ಆರು ಈಡು ಹೊಡೆದು ಕೂದಲೂ ಕೊಂಕದೆ ನಿಲ್ಲುತ್ತಾರೆ. ಸುಮಾರು 15 ಗ್ರಾಂ ತೂಕದ ಗುಂಡು ಸೆಕೆಂಡಿಗೆ 400 ಮೀಟರ್ ಆಸುಪಾಸಿನಲ್ಲಿ ಹೊರಟರೆ, 1.3 ಕಿಲೋದ ರಿವಾಲ್ವರ್ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಹಿಂದಕ್ಕೆ ಬಂದು ಅಂಗೈಗೆ ಒದೆಯುತ್ತದೆ. ಪರದೆಯ ಮೇಲೆ ಆ ಒದೆತ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಗುಂಡೇ ಇರುವುದಿಲ್ಲ.

ನಮ್ಮ ಕಾನೂನಿನಲ್ಲಿ ಚಿತ್ರವೇ ಬೇರೆ. 1959ರ ಆಯುಧ ಕಾಯ್ದೆಯ ವ್ಯವಸ್ಥೆಯಲ್ಲಿ .38, .455ನಂಥ ಪೊಲೀಸ್ ಮತ್ತು ಸೇನೆಯ ಬೋರುಗಳು ನಿಷೇಧಿತ. ಸಾಮಾನ್ಯ ಲೈಸೆನ್ಸುದಾರನ ಕೈಗೆ ಬರುವುದು .32. ಜಗತ್ತಿನ ಲೆಕ್ಕದಲ್ಲಿ ಇದು ಸಣ್ಣ ಬೋರು. ಗುಂಡಿನ ಅಡ್ಡಳತೆ 8 ಮಿಲಿಮೀಟರಿಗೂ ಕೂದಲೆಳೆಯಷ್ಟು ಕಡಿಮೆ, ತೂಕ ಆರೂಕಾಲು ಗ್ರಾಂ ಚಿಲ್ಲರೆ. ಆದರೂ ಇಚಲಕರಂಜಿಯ ನೂಲಿನ ಪೇಟೆಯಲ್ಲಾಗಲಿ ಗಡಹಿಂಗ್ಲಜದಲ್ಲಾಗಲಿ ಸೊಂಟದಲ್ಲಿ ರಿವಾಲ್ವರ್ ಇದೆ ಎಂದರೆ ಜನ ನೋಡುವ ನೋಟವೇ ಬೇರೆ. ಆ ನೋಟಕ್ಕೆ ಗುಂಡಿನ ತೂಕ ಗೊತ್ತಿಲ್ಲ.

ಸ್ಪರ್ಧೆಯಲ್ಲೂ .32ಕ್ಕೆ ಜಾಗವಿದೆ. ಸೆಂಟರ್ ಫೈರ್ ಪಿಸ್ತೂಲು ಎಂಬ ವಿಭಾಗದಲ್ಲಿ 7.62ರಿಂದ 9.65 ಮಿಲಿಮೀಟರ್‌ವರೆಗಿನ ಬೋರಿಗೆ ಅವಕಾಶ. ಆಯುಧದ ತೂಕ 1400 ಗ್ರಾಂ ಮೀರುವಂತಿಲ್ಲ, ಟ್ರಿಗರ್ ಕನಿಷ್ಠ 1000 ಗ್ರಾಂ ಭಾರ ತಡೆಯಬೇಕು. ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು, 2006ರ ದೋಹಾದಲ್ಲಿ 590 ಅಂಕಗಳೊಡನೆ ವಿಶ್ವದಾಖಲೆ ಸರಿಗಟ್ಟಿದ್ದು ಇದರಲ್ಲೇ. ಒಂದು ಕಾಲಕ್ಕೆ ಈ ವಿಭಾಗದಲ್ಲಿ ರಿವಾಲ್ವರುಗಳೂ ಇದ್ದವು. ಈಗ ಸೆಮಿ ಆಟೊಮ್ಯಾಟಿಕ್ ಪಿಸ್ತೂಲುಗಳದೇ ರಾಜ್ಯಭಾರ. ಕಾರಣ ಬೋರಲ್ಲ, ಮುಷ್ಟಿ. ರಿವಾಲ್ವರನ್ನು ಹಗುರ ಟ್ರಿಗರಿನಲ್ಲಿ ಹೊಡೆಯಬೇಕಾದರೆ ಪ್ರತಿ ಈಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕು. ಎಳೆದಾಗಲೆಲ್ಲ ಹಿಡಿತ ಅಷ್ಟಿಷ್ಟು ಕದಲುತ್ತದೆ. ಜೊತೆಗೆ ಗುಂಡು ಹೊರಡುವುದು ಉರುಳೆಯ ಮೇಲಿನ ಮನೆಯಿಂದ. ಹೀಗಾಗಿ ನಳಿಕೆ ಮುಷ್ಟಿಗಿಂತ ಬಹಳ ಎತ್ತರದಲ್ಲಿದ್ದು, ಒದೆತ ಬಂದಾಗ ಬಾಯಿ ಮೇಲಕ್ಕೆ ಹಾರುತ್ತದೆ. ಇದನ್ನು ತಪ್ಪಿಸಲು ಇಟಲಿಯವರು ಕೆಳಗಿನ ಮನೆಯಿಂದಲೇ ಹೊಡೆಯುವ ರೈನೋ ಎಂಬ ರಿವಾಲ್ವರ್ ಮಾಡಿದ್ದಾರೆ. ಅದು ಬುದ್ಧಿವಂತರ ಕೆಲಸ, ನೋಡಲು ಮಾತ್ರ ವಿಕಾರ.

ನಮ್ಮ ಕಾನ್ಪುರದ ಸರಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೆಯ ವೆಬ್ಲಿ ವಂಶದ್ದು. ಮೇಲಿನ ಕೊಂಡಿ ಬಿಚ್ಚಿದರೆ ನಡುಮುರಿದು ಬಾಗಿ, ಖಾಲಿ ತೋಟಾಗಳನ್ನು ತಾನೇ ಹೊರಹಾಕುವ ಬಗೆ. ತೂಕ ಸುಮಾರು 700 ಗ್ರಾಂ, ನಳಿಕೆ ಮೂರು ಇಂಚು. ವಂಶದ ಹಿರಿಯ, ಮೊದಲ ಮಹಾಯುದ್ಧ ಕಂಡ .455ರ ವೆಬ್ಲಿ ಮಾರ್ಕ್ 6, ಒಂದು ಕಿಲೋ ಮೀರಿದ ಕಬ್ಬಿಣ. ಅದಕ್ಕಿಂತ ಹಿಂದಿನ ವೆಬ್ಲಿಗಳ ಹಿಡಿಕೆ ಹಕ್ಕಿಯ ಕೊಕ್ಕಿನಂತೆ ಕೆಳಗೆ ಬಾಗಿ ಸಣ್ಣಗಾಗಿತ್ತು. 1915ರಲ್ಲಿ ಮಾರ್ಕ್ 6 ಬಂದಾಗ ಅದನ್ನು ಚೌಕಾಕಾರದ ತುಂಬು ಹಿಡಿಕೆಯಾಗಿ ಬದಲಿಸಿದರು. ಬೋರು ಅದೇ ಇಟ್ಟು ಹಿಡಿಕೆ ತಿದ್ದಿದರು ಎಂಬುದನ್ನು ಗಮನಿಸಬೇಕು.

ಕಾನ್ಪುರದವರು 2014ರಲ್ಲಿ ನಡೆದದ್ದು ಇದರ ತಿರುಗುಮುರುಗು ದಾರಿ. ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನೆರಳಿನಲ್ಲಿ, ಮಹಿಳೆಯರಿಗೆಂದೇ ‘ನಿರ್ಭೀಕ್’ ಎಂಬ ರಿವಾಲ್ವರ್ ಬಂತು. ಟೈಟೇನಿಯಂ ಮಿಶ್ರಲೋಹ, ತೂಕ 500 ಗ್ರಾಂ ಆಸುಪಾಸು, ಬೆಲೆ 1,22,360 ರೂಪಾಯಿ, ಒಡವೆ ಇಡುವಂಥ ಪೆಟ್ಟಿಗೆ. ವ್ಯಾನಿಟಿ ಬ್ಯಾಗಿಗೆ ಹಗುರ ಎಂಬುದು ಅದರ ದೊಡ್ಡ ಗುಣವೆಂದು ಸಾರಿದರು. ಬಂದೂಕಿಗೆ ಹಗುರತನ ಹೊರುವಾಗ ಗುಣ, ಹೊಡೆಯುವಾಗ ದೋಷ. ಮದ್ದಿನ ಅನಿಲದ ಪಾಲನ್ನು ಬಿಟ್ಟು ಬರೀ ಗುಂಡಿನ ಲೆಕ್ಕ ಹಾಕಿದರೂ ಸಾಕು. .32ರ ಗುಂಡು ಸೆಕೆಂಡಿಗೆ ಸುಮಾರು 200 ಮೀಟರ್ ಹೋದರೆ, 700 ಗ್ರಾಂ ರಿವಾಲ್ವರ್ ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ 1.8 ಮೀಟರ್. ಅದೇ ತೋಟಾ 500 ಗ್ರಾಂ ರಿವಾಲ್ವರಿನಲ್ಲಿ 2.5 ಮೀಟರ್. 17 ಗ್ರಾಂ ಗುಂಡು ಹಾರಿಸುವ ವೆಬ್ಲಿ ಮಾರ್ಕ್ 6ಕ್ಕೆ ಹತ್ತಿರ ಹತ್ತಿರ 3 ಮೀಟರ್. ಸೇನೆಯ ಆಯುಧದ ಒದೆತದಲ್ಲಿ ಶಕ್ತಿ ಹೆಚ್ಚು, ಒಪ್ಪಿದೆ. ಆದರೆ ವೇಗದಲ್ಲಿ ಈ ಹಗುರ ರಿವಾಲ್ವರ್ ಅದರ ಹತ್ತಿರಕ್ಕೇ ಬರುತ್ತದೆ. ಮೊದಲ ಸಲ ಆಯುಧ ಹಿಡಿಯುವ ಸಣ್ಣ ಕೈಗೆಂದು ಮಾಡಿದ ವಸ್ತುವಿನಲ್ಲಿ ಒದೆತವನ್ನು ಹೆಚ್ಚಿಸಿ, ಪೆಟ್ಟಿಗೆಯನ್ನು ಚೆಂದ ಮಾಡಿದರು. ಪೆಟ್ಟಿಗೆಗೆ ಹಾಕಿದ ಬುದ್ಧಿಯನ್ನು ಹಿಡಿಕೆಗೆ ಹಾಕಿ, ಎರಡು ಮೂರು ಅಳತೆಗಳಲ್ಲಿ ಕೊಟ್ಟಿದ್ದರೆ ಮಹಿಳೆಯರಿಗೆಂದು ಮಾಡಿದ್ದೇವೆ ಎಂಬ ಮಾತಿಗೆ ಅರ್ಥವಿರುತ್ತಿತ್ತು.

ಕೂಡುವ ಹಿಡಿಕೆ ಎಂದರೇನು? ನಳಿಕೆ, ಮಣಿಕಟ್ಟು, ಮುಂಗೈ ಮೂರೂ ಒಂದೇ ಗೆರೆಯಲ್ಲಿರುವಂತೆ ಹಿಡಿದಾಗ ತೋರುಬೆರಳಿನ ತುದಿಯ ಮೆತ್ತೆ ಟ್ರಿಗರಿನ ಮೇಲೆ ಸಲೀಸಾಗಿ ಕೂರಬೇಕು. ಬೆರಳು ಮುಟ್ಟಲೆಂದು ಮುಷ್ಟಿಯನ್ನೇ ಪಕ್ಕಕ್ಕೆ ತಿರುಗಿಸಬೇಕಾಗಿ ಬಂದರೆ ಹಿಡಿಕೆ ದಪ್ಪವಾಯಿತು. ಆಗ ಒದೆತ ಅಂಗೈಗೆ ಬೀಳದೆ ಹೆಬ್ಬೆರಳಿನ ಬುಡದ ಕೀಲಿಗೆ ಬೀಳುತ್ತದೆ. ಬೆರಳ ತುದಿಗಳು ಸುತ್ತಿಬಂದು ಅಂಗೈಯನ್ನೇ ಚುಚ್ಚಿದರೆ ಹಿಡಿಕೆ ತೆಳುವಾಯಿತು. ಇವೆರಡಕ್ಕಿಂತ ಹೆಚ್ಚು ನೋಯಿಸುವ ಜಾಗ ಟ್ರಿಗರ್ ಗಾರ್ಡಿನ ಹಿಂದಿನ ಖಾಲಿ ಸಂದು. ಅಲ್ಲಿ ಮರ ತುಂಬದಿದ್ದರೆ ಪ್ರತಿ ಈಡಿಗೂ ಲೋಹ ಬಂದು ನಡುಬೆರಳಿನ ಗೆಣ್ಣಿಗೆ ಹೊಡೆಯುತ್ತದೆ. ಮೂರನೇ ಈಡಿನ ಹೊತ್ತಿಗೆ ಗೆಣ್ಣು ಕೆಂಪು, ಐದನೆಯದಕ್ಕೆ ಮನಸ್ಸು ಮೊದಲೇ ಹೆದರುತ್ತದೆ. ಹೆದರಿದ ಕೈ ಗುಂಡು ಹೊರಡುವ ಮುನ್ನವೇ ನಳಿಕೆಯನ್ನು ಕೆಳಗೆ ತಳ್ಳುತ್ತದೆ. ಈಡು ಗುರಿಯ ಕೆಳಗೆ ಬೀಳುತ್ತದೆ. ಈ ರೋಗವನ್ನು ಹಿಡಿಯಲು ರಿವಾಲ್ವರಿಗಿಂತ ಒಳ್ಳೆಯ ಸಾಧನವಿಲ್ಲ. ರೇಂಜಿನಲ್ಲಿ ಗುರು ಉರುಳೆಯ ಮನೆಗಳಲ್ಲಿ ನಡುನಡುವೆ ಹಾರಿದ ತೋಟಾ ತುಂಬಿ ಕೊಟ್ಟರೆ, ಹಾರಿದ ತೋಟಾದ ಮನೆ ಬಂದಾಗ ನಳಿಕೆ ಮುಗ್ಗರಿಸುವುದು ಎಲ್ಲರಿಗೂ ಕಾಣುತ್ತದೆ.

ರಬ್ಬರೋ ಮರವೋ ಎಂಬ ಜಗಳಕ್ಕೆ ನನ್ನ ತೀರ್ಪು ಹೀಗೆ. .32ಕ್ಕೆ ಮರ ಸಾಕು, ಆಕಾರ ಸರಿಯಿದ್ದರೆ. ಹಿಂಬದಿಯ ಲೋಹವನ್ನೂ ಮುಚ್ಚುವ ಮೆತ್ತನೆ ರಬ್ಬರ್ ದೊಡ್ಡ ಬೋರುಗಳಲ್ಲಿ ನಿಜವಾಗಿ ಉಪಕಾರ ಮಾಡುತ್ತದೆ, ಆದರೆ ಟ್ರಿಗರಿನ ದೂರವನ್ನು ಅಷ್ಟೇ ಹೆಚ್ಚಿಸುತ್ತದೆ. ಸಣ್ಣ ಕೈಯವರು ಮೆತ್ತೆಯ ಸುಖಕ್ಕೆ ಬೆರಳಿನ ಅಳತೆ ಕಳೆದುಕೊಳ್ಳುತ್ತಾರೆ. ಬೆರಳಿಗೊಂದು ಗೀರು ಕೊರೆದ ಹಿಡಿಕೆಗಳನ್ನು ನಾನು ನಂಬುವುದಿಲ್ಲ. ಆ ಗೀರುಗಳು ಕಾರ್ಖಾನೆಯಲ್ಲಿ ಅಳತೆ ಕೊಟ್ಟವನ ಬೆರಳಿಗೆ ಸರಿ, ಮಿಕ್ಕವರಿಗೆ ಮುಳ್ಳು. ಚೂಪಾದ ಚೌಕಳಿ ಕೊರೆತ ಬೆವರಿನಲ್ಲಿ ಜಾರದಂತೆ ತಡೆಯುತ್ತದೆ, ಭಾರಿ ಒದೆತದಲ್ಲಿ ಚರ್ಮ ಸುಲಿಯುತ್ತದೆ. ಇನ್ನು ದಂತದಂತೆ ಹೊಳೆಯುವ ಬಿಳಿ ಪ್ಲಾಸ್ಟಿಕ್ ಹಿಡಿಕೆ: ಅದು ಮದುವೆ ಮನೆಯ ಫೋಟೋಕ್ಕೆ. ಮದುವೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ, ಎಂಬುದನ್ನು ಫೋಟೋ ತೆಗೆಸಿಕೊಳ್ಳುವವರು ನೆನಪಿಡುವುದು ಒಳ್ಳೆಯದು.

ಹಳ್ಳಿ ಕಡೆ ಬೆಳೆ ಕಾಯಲು ಲೈಸೆನ್ಸ್ ಪಡೆದ ಉದ್ದ ನಳಿಕೆಯ ಬಂದೂಕು ಬಲ್ಲವರಿಗೆ ಈ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರ ಒದೆತವನ್ನು ಹೆಗಲು ಹೊತ್ತಿರುತ್ತದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿಯಿಡುವವರ ವಿದ್ಯೆಯೂ ಹೆಗಲಿನದೇ. ರಿವಾಲ್ವರಿಗೆ ಬಂದಾಗ ಆ ಅನುಭವ ಅರ್ಧಕ್ಕರ್ಧ ಕೆಲಸಕ್ಕೆ ಬಾರದು, ಆದರೂ ‘ನಮಗೆ ಬಂದೂಕು ಹೊಸದಲ್ಲ’ ಎಂಬ ಜಂಬ ಉಳಿದಿರುತ್ತದೆ.

ಕೊಲ್ಹಾಪುರಕ್ಕೆ ಹಿಡಿಕೆಯ ತಿಳಿವಳಿಕೆ ಹೊರಗಿನಿಂದ ಬರಬೇಕಿಲ್ಲ. ಮರ್ದಾನಿ ಖೇಳ ಎಂಬ ಇಲ್ಲಿನ ಶಸ್ತ್ರವಿದ್ಯೆಯ ತಾಲೀಮುಗಳಲ್ಲಿ ಈಗಲೂ ಪಟ್ಟಾ ಬೀಸುತ್ತಾರೆ. ಉದ್ದನೆಯ ಬಳುಕುವ ಅಲಗು, ಮುಂಗೈಯನ್ನು ಮುಚ್ಚುವ ಉಕ್ಕಿನ ಕೈಗವಸು, ಒಳಗೆ ಮುಷ್ಟಿಗೆ ಅಡ್ಡಲಾಗಿ ಒಂದು ಸರಳು, ಮೊಣಕೈ ಕಡೆಗೆ ತೋಳನ್ನು ಸುತ್ತುವ ಪಟ್ಟಿ. ಮಣಿಕಟ್ಟು ಬಾಗಲು ಅವಕಾಶವೇ ಇಲ್ಲ. ಏಟಿನ ಹೊರೆಯನ್ನೆಲ್ಲ ಮುಂಗೈ ಹೊರುತ್ತದೆ. 25 ಮೀಟರ್ ಸ್ಪರ್ಧೆಯ ಪಿಸ್ತೂಲಿನಲ್ಲಿ ನಿಯಮ ಸರಿಯಾಗಿ ಇದಕ್ಕೆ ವಿರುದ್ಧ: ಹಿಡಿಕೆಯ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಕೊಡುವಂತಿಲ್ಲ, ಇಡೀ ಆಯುಧ 300, 150, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯಲ್ಲಿ ಹಿಡಿಸಬೇಕು. ಪಟ್ಟಾ ಮಾಡಿದವನು ಮಣಿಕಟ್ಟನ್ನು ಕಟ್ಟಿಹಾಕಿ ಗೆದ್ದ. ಪಿಸ್ತೂಲಿನವರು ಮಣಿಕಟ್ಟನ್ನು ಬಿಟ್ಟು ಅಂಗೈಯನ್ನು ತುಂಬಿ ಗೆದ್ದರು. ಇಬ್ಬರೂ ಕೈಯಿಂದ ಶುರು ಮಾಡಿದರು, ಅಲಗಿನಿಂದಲೂ ಅಲ್ಲ, ನಳಿಕೆಯಿಂದಲೂ ಅಲ್ಲ.

ಲೈಸೆನ್ಸಿನ ರಿವಾಲ್ವರಿನ ದೋಷ ಬೇಗ ಬಯಲಾಗದಿರಲು ಅದರ ಬಾಳುವೆಯೇ ಕಾರಣ. ವರ್ಷವಿಡೀ ಕಪಾಟಿನಲ್ಲಿ, ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ, ಮುಗಿದ ಮೇಲೆ ಮತ್ತೆ ಕಪಾಟಿನಲ್ಲಿ. ಹೊಡೆಯದ ಆಯುಧದ ಹಿಡಿಕೆ ಯಾರನ್ನೂ ನೋಯಿಸುವುದಿಲ್ಲ. ಸರಿಯಾದ ರೇಂಜಿನಲ್ಲಿ, ಕಿವಿಗೆ ಕಣ್ಣಿಗೆ ರಕ್ಷೆ ಹಾಕಿ, ಕಲಿಸುವವರ ಎದುರಿಗೆ ಎರಡು ಸುತ್ತು ಹೊಡೆದರೆ ತಿಳಿಯುವ ಸಂಗತಿ ಇಪ್ಪತ್ತು ವರ್ಷ ತಿಳಿಯದೆಯೇ ಉಳಿಯುತ್ತದೆ.

ಆದ್ದರಿಂದ ಕೊಳ್ಳುವವರಿಗೆ ಒಂದು ಮಾತು: ಅಂಗಡಿಯಲ್ಲಿ ಉರುಳೆ ತೆರೆಸಿ, ಖಾಲಿ ಇದೆಯೆಂದು ನೀವೇ ನೋಡಿ, ನಳಿಕೆಯನ್ನು ಜನರಿಲ್ಲದ ಗೋಡೆಯ ಕಡೆಗಿಟ್ಟು, ಕಣ್ಣು ಮುಚ್ಚಿ ಎತ್ತಿ ನೋಡಿ. ಗೆಣ್ಣಿಗೆ ಲೋಹ ತಾಗಿದರೆ, ಬೆರಳು ಟ್ರಿಗರಿಗೆ ಎಟುಕದಿದ್ದರೆ, ಹಿಡಿಕೆ ಬದಲಿಸದೆ ಅದನ್ನು ಕೊಳ್ಳಬೇಡಿ. ಮಾಡುವವರಿಗೆ ಇನ್ನೊಂದು: ಒಂದೇ ಅಳತೆಯ ಹಿಡಿಕೆ ಹಾಕಿದ .32, ಅದು ಎಷ್ಟೇ ಹಗುರವಾಗಿರಲಿ, ಅರ್ಧ ಮಾಡಿದ ಆಯುಧ.