ಪಿಂಗಾಣಿಯ ಮೇಲಿನ ಶಾಸನ: ಕರಾವಳಿಯ ವಿದ್ಯುತ್ ಚರಿತ್ರೆಯ ಒಂದು ಕೊರತೆ

ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1902ರಿಂದ ಆರಂಭಿಸುತ್ತಾರೆ. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿದ ವರ್ಷವದು. ಅಲ್ಲಿಂದ ಮುಂದೆ ದಿವಾನರು, ಅಣೆಕಟ್ಟುಗಳು, ಯಂತ್ರಗಳ ಸಾಮರ್ಥ್ಯ, ಇವುಗಳ ಪಟ್ಟಿಯೇ ಚರಿತ್ರೆಯೆನಿಸಿಕೊಳ್ಳುತ್ತದೆ. 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ದಕ್ಷಿಣ ಕನ್ನಡವು ಈ ಕಥೆಗೆ ತಡವಾಗಿ ಕೂಡಿದ ಒಂದು ಅನುಬಂಧವಾಗಿ ಉಳಿಯುತ್ತದೆ. ಈ ದೃಷ್ಟಿ ಅಸಮರ್ಪಕವೆಂಬುದನ್ನು ಕಂಬದ ಮೇಲೆ ತಂತಿಯನ್ನು ಹೊತ್ತಿರುವ ಇನ್ಸುಲೇಟರಿನ ಮೂಲಕ ತೋರಿಸುವುದು ಈ ಲೇಖನದ ಉದ್ದೇಶ.

ಆ ಚಿಕ್ಕ ವಸ್ತುವಿಗೆ ಎರಡು ಹೊಣೆಗಳಿವೆ. ಅದು ತಂತಿಯ ಭಾರವನ್ನೂ ಗಾಳಿಯ ಹೊಡೆತವನ್ನೂ ತಾಳಬೇಕು. ವಿದ್ಯುತ್ತು ಕಂಬಕ್ಕೆ ಹರಿಯದಂತೆಯೂ ತಡೆಯಬೇಕು. ಪಿಂಗಾಣಿ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಅಷ್ಟಾಗಿ ತಾಳದು. ಆದುದರಿಂದಲೇ ಲೋಹದ ಟೊಪ್ಪಿಗೆಯನ್ನೂ ಉಕ್ಕಿನ ಗೂಟವನ್ನೂ ಸಿಮೆಂಟಿನಿಂದ ಕೂಡಿಸಿ, ತಂತಿ ಎಳೆದಾಗ ನಡುವಣ ಪಿಂಗಾಣಿ ಒತ್ತಿಕೊಳ್ಳುವಂತೆ ತೂಗುಬಿಲ್ಲೆಯನ್ನು ರೂಪಿಸಿದ್ದಾರೆ. ಕರಾವಳಿಯಲ್ಲಿ ಗೂಟ ತುಕ್ಕು ಹಿಡಿದು ಉಬ್ಬಿದರೆ ಪಿಂಗಾಣಿ ಬಿರುಕುಬಿಡುತ್ತದೆ.

ಎರಡನೆಯ ಹೊಣೆ ಇನ್ನೂ ಕಠಿನವಾದುದು. ಕಾಪುವಿನ ಕಡಲತೀರದಲ್ಲಿ ಗಾಳಿ ಉಪ್ಪನ್ನು ಹೊತ್ತು ತರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗಿನ ಜಡಿಮಳೆ ಅದನ್ನು ತೊಳೆಯುತ್ತದೆ. ಒಣಗಿದ ಉಪ್ಪಿನಿಂದಲೂ ಹಾನಿಯಿಲ್ಲ. ತಿಂಗಳುಗಟ್ಟಲೆ ಕುಳಿತ ಉಪ್ಪಿನ ಮೇಲೆ ಬೆಳಗಿನ ಇಬ್ಬನಿಯೋ ಮೊದಲ ತುಂತುರೋ ಬಿದ್ದಾಗ, ಆ ತೇವದ ಪೊರೆಯೇ ವಿದ್ಯುತ್ತಿಗೆ ದಾರಿಯಾಗುತ್ತದೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ 1986ರ ಮಾರ್ಗದರ್ಶಿಯು ಪ್ರತಿ ಕಿಲೋವೋಲ್ಟಿಗೆ ಇರಬೇಕಾದ ಮೇಲ್ಮೈಯ ದೂರವನ್ನು ಅಲ್ಪ ಮಾಲಿನ್ಯದ ಕಡೆ 16, ಅತಿ ತೀವ್ರ ಮಾಲಿನ್ಯದ ಕಡೆ 31 ಮಿಲಿಮೀಟರೆಂದು ನಿಗದಿಮಾಡಿತು. ಗರಿಷ್ಠ 12 ಕಿಲೋವೋಲ್ಟಿನ ಸಾಲಿಗೆ ಲೆಕ್ಕ ಹಾಕಿದರೆ ಇದು 192 ಮತ್ತು 372 ಮಿಲಿಮೀಟರಾಗುತ್ತದೆ. ಬಯಲುಸೀಮೆಗೆ ಸಾಕಾದುದು ಕಡಲತೀರಕ್ಕೆ ಸಾಲದು. ಕರಾವಳಿ ಅನುಬಂಧವಲ್ಲ, ಬೇರೆಯೇ ಒಂದು ಪ್ರಶ್ನೆಯೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕಿಲ್ಲ.

ಎಲ್ಲೂರಿನ ಶಾಖೋತ್ಪನ್ನ ಸ್ಥಾವರವನ್ನು ಕುರಿತ ಬರಹಗಳಲ್ಲಿ 600 ಮೆಗಾವಾಟಿನ ಎರಡು ಘಟಕಗಳೆಂಬ ಅಂಕಿ ತಪ್ಪದೆ ಬರುತ್ತದೆ. ಆದರೆ ಸಮುದ್ರದ ನೀರಿನಿಂದಲೇ ತಣಿಸಿಕೊಳ್ಳುವ ಈ ಸ್ಥಾವರದಿಂದ ಕಾರ್ಕಳದ ಕೇಮಾರಿಗೆ ಹೋಗುವ 220 ಕಿಲೋವೋಲ್ಟಿನ ಸಾಲು, ಉಪ್ಪುಗಾಳಿಯ ನೆಲದಿಂದ ಘಟ್ಟದ ಬುಡದತ್ತ ಸಾಗುವಾಗ ಎರಡು ಬಗೆಯ ಹವೆಯನ್ನು ಎದುರಿಸುತ್ತದೆಂಬ ಅಂಶ ಬರುವುದಿಲ್ಲ.

ವಸ್ತುವಿನ ಆಯ್ಕೆ ಕೇವಲ ಬೆಲೆಯ ಮಾತೂ ಅಲ್ಲ. ಸಿಲಿಕೋನ್ ರಬ್ಬರು ಹಗುರ. ಅದರ ಮೇಲೆ ನೀರು ಪೊರೆಯಾಗದೆ ಹನಿಹನಿಯಾಗಿ ನಿಲ್ಲುವುದರಿಂದ ಕರಾವಳಿಗೆ ಒಪ್ಪುತ್ತದೆ. ಆದರೆ ತುದಿಯ ಬೆಸುಗೆ ಸಡಿಲಿ ಒಳಗಿನ ಗಾಜುನಾರಿನ ಕೋಲಿಗೆ ತೇವ ತಗಲಿದರೆ, ಹೊರಗೆ ಗುರುತು ಕಾಣುವ ಮೊದಲೇ ಅದು ಮುರಿಯಬಹುದು. ಗಾಜಿನ ಬಿಲ್ಲೆ ಕೆಟ್ಟರೆ ಚೂರಾಗಿ ಉದುರುವುದರಿಂದ ನೆಲದ ಮೇಲೆ ನಿಂತವನಿಗೂ ಕಾಣುತ್ತದೆ. ದೋಷ ಲೈನ್‌ಮನ್ನಿನ ಕಣ್ಣಿಗೆ ಬೀಳುವುದೋ ಇಲ್ಲವೋ ಎಂಬುದು ಅವನ ಪ್ರಾಣದ ಪ್ರಶ್ನೆ. ಇಂತಹ ಆಯ್ಕೆಗಳು ಚರಿತ್ರೆಯ ವಿಷಯವಲ್ಲವೆನ್ನಲು ಸಾಧ್ಯವೆ?

ಇದು ಇಂಜಿನಿಯರರ ಕೆಲಸವೆಂದು ಆಕ್ಷೇಪಿಸಬಹುದು. ಆದರೆ ಬೆಂಗಳೂರಿನ ಸರ್ಕಾರಿ ಪಿಂಗಾಣಿ ಕಾರ್ಖಾನೆ ಮೈಸೂರು ಪೋರ್ಸಲೇನ್ಸ್ ಆಗಿ, 1976ರಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಯಲ್ಲಿ ವಿಲೀನವಾದುದನ್ನು ನಾವು ಕೈಗಾರಿಕೆಗಳ ಪಟ್ಟಿಯಲ್ಲಿ ಸೇರಿಸುತ್ತೇವೆ. ಅಂತಹ ಕಾರ್ಖಾನೆ ನಾಡಿಗೆ ಏಕೆ ಬೇಕಾಯಿತೆಂದು ವಿಚಾರಿಸುವುದಿಲ್ಲ. ಪಿಂಗಾಣಿಯ ಮೇಲೆ ತಯಾರಕರ ಗುರುತೂ ವರ್ಷವೂ ಅಚ್ಚಾಗಿರುತ್ತವೆ. ಕಾರ್ಕಳದ ಗೊಮ್ಮಟನ 1432ರ ಶಾಸನವನ್ನು ಅಕ್ಷರಕ್ಷರವಾಗಿ ಓದುವ ನಾವು ಈ ಶಾಸನವನ್ನು ಓದದೆ ಬಿಟ್ಟಿದ್ದೇವೆ. ಬದಲಾಯಿಸಿದ ಬಿಲ್ಲೆಗಳು ಗುಜರಿಗೆ ಸೇರಿದಂತೆಲ್ಲ ಈ ಆಧಾರವೂ ಅಳಿಯುತ್ತದೆ. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದ ಮಣಿಪಾಲವು ಸಮೀಪದಲ್ಲಿಯೇ ಇದೆ. ಅಲ್ಲಿನ ವಿದ್ವಾಂಸರೊಡನೆ ಕೂಡಿ, ಸ್ಥಳ ಮತ್ತು ವರ್ಷಗಳ ವಿವರದೊಡನೆ ಇವುಗಳನ್ನು ಸಂಗ್ರಹಿಸುವುದು ಚರಿತ್ರೆಯ ವಿಭಾಗಗಳು ತಡಮಾಡದೆ ಕೈಗೊಳ್ಳಬೇಕಾದ ಕೆಲಸ.