ರಣಭೂಮಿಯ ನಡಿಗೆ ಮತ್ತು ಕೇಳುವ ಕಿವಿ: ಗದಾಯುದ್ಧ, ಅಶ್ವತ್ಥಾಮನ್ ಕೃತಿಗಳಲ್ಲಿ ಯುದ್ಧಾಘಾತದ ಪ್ರಶ್ನೆ

ರನ್ನನ ‘ಗದಾಯುದ್ಧ’ವನ್ನು ಕುರಿತ ಕನ್ನಡ ವಿಮರ್ಶೆ ಬಹುಮಟ್ಟಿಗೆ ಎರಡು ದಾರಿಗಳಲ್ಲಿ ಸಾಗಿಬಂದಿದೆ. ಒಂದು, ವೀರ-ರೌದ್ರ ರಸಗಳ ನಿರ್ವಹಣೆ ಮತ್ತು ಸಿಂಹಾವಲೋಕನ ಕ್ರಮದ ಕಥನಕೌಶಲವನ್ನು ಎತ್ತಿ ತೋರಿಸುವ ದಾರಿ. ಇನ್ನೊಂದು, ದುರ್ಯೋಧನನನ್ನು ದುರಂತನಾಯಕನೆಂದು ಕಾಣುವ ದಾರಿ. ಬಿ.ಎಂ.ಶ್ರೀ. ಅವರು ೧೯೨೬ರಲ್ಲಿ ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಎಂದು ರಂಗಕ್ಕೆ ಅಳವಡಿಸಿದ ಮೇಲೆ ಈ ಎರಡನೆಯ ದಾರಿ ರಾಜಮಾರ್ಗವೇ ಆಯಿತು. ಎರಡೂ ದಾರಿಗಳು ಕೊನೆಗೆ ಬಂದು ಸೇರುವುದು ‘ಛಲ’ ಎಂಬ ಒಂದೇ ಮಾತಿಗೆ. ತಂದೆತಾಯಿಗಳು ಬೇಡಿದರೂ, ಸಂಜಯನು ತಿಳಿಯಹೇಳಿದರೂ, ಶರಶಯ್ಯೆಯಿಂದ ಭೀಷ್ಮನು ಹಿತ ನುಡಿದರೂ ದುರ್ಯೋಧನನು ಸಂಧಿಗೆ ಒಪ್ಪುವುದಿಲ್ಲ. ಏಕೆಂದರೆ ಅವನು ಛಲವಂತ. ತರಗತಿಗಳಲ್ಲಿ ನಾವು ಹೇಳುತ್ತ ಬಂದಿರುವುದೂ ಇದನ್ನೇ.

ಈ ವಿವರಣೆ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅದು ಪ್ರಶ್ನೆಯನ್ನು ಬಿಡಿಸುವುದಕ್ಕಿಂತ ಮುಚ್ಚಿಬಿಡುತ್ತದೆ ಎಂಬುದು ನಮ್ಮ ಆಕ್ಷೇಪ. ಎಲ್ಲರನ್ನೂ ಕಳೆದುಕೊಂಡು ಒಬ್ಬನೇ ಉಳಿದವನು ಬದುಕುವ ಅವಕಾಶವನ್ನು ಏಕೆ ತಳ್ಳಿಹಾಕುತ್ತಾನೆ? ಯುದ್ಧವು ಮನುಷ್ಯನ ಮನಸ್ಸಿಗೆ ಏನು ಮಾಡುತ್ತದೆ, ಮಾಡಿದ್ದು ಹೇಗೆ ಮಾಯುತ್ತದೆ ಅಥವಾ ಮಾಯದೆ ಉಳಿಯುತ್ತದೆ ಎಂಬುದನ್ನು ಕುರಿತು ಕಳೆದ ಒಂದು ಶತಮಾನದಲ್ಲಿ ಬೆಳೆದಿರುವ ತಿಳಿವಳಿಕೆಯ ಬೆಳಕಿನಲ್ಲಿ ಈ ಪ್ರಶ್ನೆಯನ್ನು ಮತ್ತೆ ಕೇಳುವುದು ಪ್ರಸ್ತುತ ಲೇಖನದ ಉದ್ದೇಶ.

ಆ ತಿಳಿವಳಿಕೆಯ ಇತಿಹಾಸವನ್ನು ಸಂಕ್ಷೇಪವಾಗಿ ನೆನೆಯಬಹುದು. ೧೯೧೫ರಲ್ಲಿ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯ ಲೇಖನವೊಂದರಲ್ಲಿ ‘ಶೆಲ್ ಶಾಕ್’ ಎಂಬ ಪದವನ್ನು ಬಳಸಿದರು. ದೃಷ್ಟಿ ಮಂಕಾದ, ನೆನಪು ಅಳಿಸಿಹೋದ ಸೈನಿಕರ ಸ್ಥಿತಿಗೆ ಅದು ಹೆಸರಾಯಿತು. ಸ್ಫೋಟದ ಬಳಿ ಸುಳಿಯದವರಲ್ಲೂ ಅದೇ ಲಕ್ಷಣಗಳು ಕಂಡಾಗ, ಪೆಟ್ಟು ಬಿದ್ದಿರುವುದು ನರಗಳಿಗಲ್ಲ, ಮನಸ್ಸಿಗೆ ಎಂಬುದು ನಿಧಾನವಾಗಿ ಸ್ಪಷ್ಟವಾಯಿತು. ಸ್ಕಾಟ್ಲೆಂಡಿನ ಕ್ರೇಗ್‌ಲಾಕರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯು.ಎಚ್.ಆರ್. ರಿವರ್ಸ್ ಅವರು, ಕಂಡದ್ದನ್ನು ಮರೆತುಬಿಡಿ ಎಂಬ ರೂಢಿಯ ಉಪದೇಶವೇ ರೋಗವನ್ನು ಬೆಳೆಸುತ್ತದೆಯೆಂದು ವಾದಿಸಿ, ರೋಗಿಗಳು ಮಾತನಾಡಲು ಅವಕಾಶ ಕೊಟ್ಟರು. ವಿಯೆಟ್ನಾಂ ಯುದ್ಧದಿಂದ ಮರಳಿದವರ ಒತ್ತಾಯದ ಹಿನ್ನೆಲೆಯಲ್ಲಿ ೧೯೮೦ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯು ‘ಆಘಾತೋತ್ತರ ಒತ್ತಡದ ಬೇನೆ’ಯನ್ನು ಅಧಿಕೃತವಾಗಿ ಸೇರಿಸಿಕೊಂಡಿತು. ಕಂಡದ್ದು ಕನಸಿನಲ್ಲೂ ಎಚ್ಚರದಲ್ಲೂ ಮರುಕಳಿಸುವುದು, ನೆನಪು ಕೆರಳಿಸುವ ಎಡೆಗಳಿಂದ ದೂರ ಸರಿಯುವುದು, ಮೈಮನಗಳು ಸದಾ ಕಾವಲು ನಿಂತಂತಿರುವುದು, ಭಾವನೆಗಳು ಮರಗಟ್ಟುವುದು, ತಾನೇಕೆ ಉಳಿದೆನೆಂಬ ಅಪರಾಧಪ್ರಜ್ಞೆ ಕಾಡುವುದು ಇವು ಅದರ ಚಹರೆಗಳು. ಜ್ಯೂಡಿತ್ ಹರ್ಮನ್ ಅವರು ೧೯೯೨ರ ತಮ್ಮ ಗ್ರಂಥದಲ್ಲಿ ಚೇತರಿಕೆಗೆ ಮೂರು ಹಂತಗಳನ್ನು ಗುರುತಿಸಿದ್ದಾರೆ: ಸುರಕ್ಷಿತ ನೆಲೆ ದೊರೆಯುವುದು, ನೆನೆದು ಶೋಕಿಸುವುದು, ಮತ್ತೆ ಜನರೊಡನೆ ಬೆರೆಯುವುದು.

ಸಾಹಿತ್ಯ ವಿಮರ್ಶೆಗೆ ಇದನ್ನು ತಂದವರಲ್ಲಿ ಜೊನಾಥನ್ ಶೇ ಮುಖ್ಯರು. ಬಾಸ್ಟನ್ನಿನಲ್ಲಿ ಮಾಜಿ ಸೈನಿಕರಿಗೆ ಚಿಕಿತ್ಸೆ ನೀಡುತ್ತಿದ್ದ ಈ ಮನೋವೈದ್ಯರು ೧೯೯೪ರಲ್ಲಿ ಪ್ರಕಟವಾದ ‘ಅಕಿಲೀಸ್ ಇನ್ ವಿಯೆಟ್ನಾಂ’ ಕೃತಿಯಲ್ಲಿ ‘ಇಲಿಯಡ್’ ಕಾವ್ಯವನ್ನು ತಮ್ಮ ರೋಗಿಗಳ ಮಾತುಗಳ ಪಕ್ಕದಲ್ಲಿಟ್ಟು ಓದಿದರು. ನಂಬಿದ ಒಡೆಯನೇ ಸರಿ-ತಪ್ಪುಗಳ ಕಟ್ಟನ್ನು ಮುರಿದಾಗ ಯೋಧನ ಒಳಗು ಒಡೆಯುತ್ತದೆ, ಆತ್ಮೀಯ ಗೆಳೆಯನ ಸಾವು ಅದನ್ನು ಉನ್ಮಾದಕ್ಕೆ ತಿರುಗಿಸುತ್ತದೆ ಎಂಬುದು ಅವರ ವಾದದ ತಿರುಳು. ಪರಿಹಾರವಾಗಿ ಅವರು ಒತ್ತಿ ಹೇಳುವುದು ಶೋಕವನ್ನು ಸಮುದಾಯದ್ದಾಗಿಸುವುದನ್ನು, ಎಂದರೆ ಹೇಳುವವನಿಗೆ ನಂಬಿಕೆಯ ಕೇಳುಗರು ದೊರೆಯುವುದನ್ನು.

ಈಗ ರನ್ನನಿಗೆ ಬರೋಣ. ಭೀಷ್ಮನನ್ನು ಕಾಣಲು ದುರ್ಯೋಧನನು ಸಂಜಯನ ಜೊತೆ ರಣಭೂಮಿಯನ್ನು ಹಾದು ನಡೆಯುವ ಭಾಗ ಕಾವ್ಯದ ಹೃದಯವೆಂದು ಎಲ್ಲರೂ ಒಪ್ಪುತ್ತಾರೆ. ಹೆಣಗಳ ನಡುವೆ ಕಾಲಿಡಲು ಎಡೆಯಿಲ್ಲ, ಮರುಳುಗಳ ಅಣಕವನ್ನೂ ಅವನು ಕೇಳಬೇಕಾಗುತ್ತದೆ. ಕನ್ನಡದಲ್ಲಿ ‘ಮರುಳ್’ ಎಂಬುದು ಪಿಶಾಚಿಗೂ ಹೆಸರು, ಬುದ್ಧಿಭ್ರಮಣೆಗೂ ಹೆಸರು. ರನ್ನನು ಈ ಎರಡರ್ಥಗಳ ನಡುವೆಯೇ ತನ್ನ ನಾಯಕನನ್ನು ನಡೆಸುತ್ತಾನೆ.

ಈ ನಡಿಗೆಯಲ್ಲಿ ಬರುವ ಶೋಕೋಕ್ತಿಗಳಿಗೆ ಒಂದು ಸಮಾನ ಲಕ್ಷಣವಿದೆ. ಪ್ರತಿಯೊಂದರಲ್ಲೂ ಕ್ರಮವೊಂದು ತಲೆಕೆಳಗಾಗಿದೆ. ಮಗನು ತಂದೆಗೆ ಜಲಾಂಜಲಿ ಕೊಡಬೇಕಾಗಿತ್ತು, ಲಕ್ಷಣಕುಮಾರನ ಹೆಣದ ಮುಂದೆ ಅದು ಹಿಂದುಮುಂದಾಗಿದೆ. ತಾಯ ಮೊಲೆಹಾಲಿನಿಂದ ತೊಡಗಿ ಎಲ್ಲದರಲ್ಲೂ ಅಣ್ಣನ ಹಿಂದೆ ಬಂದ ದುಶ್ಶಾಸನನು ಸಾವಿನಲ್ಲಿ ಮುಂದೆ ಹೋಗಿದ್ದಾನೆ. ಕೊಂದವರ ಪಕ್ಷದ ಬಾಲಕ ಅಭಿಮನ್ಯುವಿನ ಮುಂದೆ ನಿಂತಾಗ ದುರ್ಯೋಧನನಿಗೆ ಹಗೆತನವಿಲ್ಲ. ಅಂಥ ಸಾವಿನ ಒಂದಂಶವಾದರೂ ತನಗೆ ದೊರೆಯಲಿ ಎಂಬ ಹಾರೈಕೆ ಮಾತ್ರವಿದೆ. ಇದನ್ನು ಗುಣಗ್ರಾಹಿತ್ವವೆಂದು ನಾವು ಹೊಗಳುತ್ತ ಬಂದಿದ್ದೇವೆ. ಹೊಗಳಿಕೆ ಸರಿಯೇ. ಆದರೆ ಆ ಮಾತಿನ ವ್ಯಾಕರಣವನ್ನು ನೋಡಿದರೆ ಅದು ಸಾವನ್ನು ಬೇಡುವ ಮಾತು. ಅವನು ಸಂಧಿಯನ್ನು ನಿರಾಕರಿಸುವ ಮೊದಲೇ ಬದುಕನ್ನು ನಿರಾಕರಿಸಿಯಾಗಿದೆ.

ಕರ್ಣನ ಮುಂದಿನ ಪ್ರಲಾಪ ಇನ್ನೂ ಮುಂದೆ ಹೋಗುತ್ತದೆ. ಕರ್ಣನು ಕುಂತಿಯ ಮಗನೆಂಬ ಗುಟ್ಟು ತನಗೆ ಗೊತ್ತಿತ್ತೆಂಬುದನ್ನು ದುರ್ಯೋಧನನು ಇಲ್ಲಿ ಬಾಯಿಬಿಟ್ಟು ಹೇಳುತ್ತಾನೆ. ಗೊತ್ತಿದ್ದೂ ಅವನನ್ನು ಅವನ ತಮ್ಮಂದಿರ ಮೇಲೆಯೇ ಕಾದಿಸಿದೆ ಎಂಬ ಅರ್ಥ ಆ ಮಾತಿನ ಬೆನ್ನಿಗೇ ಬರುತ್ತದೆ. ಇದನ್ನು ತಪ್ಪೊಪ್ಪಿಗೆಯಾಗಿ ಓದಲು ಸಾಧ್ಯವಿದೆ. ಇಂದಿನ ಮನೋವಿಜ್ಞಾನ ‘ನೈತಿಕ ಗಾಯ’ವೆಂದು ಕರೆಯುವುದು ಇದನ್ನೇ: ಭಯದಿಂದಾದ ಗಾಯವಲ್ಲ, ತಾನು ಮಾಡಿದ ಅಥವಾ ತಡೆಯದೆ ಬಿಟ್ಟ ಕೃತ್ಯದಿಂದಾದ ಗಾಯ. ಕರ್ಣನನ್ನು ಕೊಲ್ಲಿಸಿದ ನೆಲದೊಡನೆ ತಾನು ಹೇಗೆ ಬಾಳುವುದೆಂಬ ಅವನ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಓದಿದರೆ ‘ಛಲ’ದ ಅರ್ಥವೇ ಬೇರೆಯಾಗುತ್ತದೆ. ಛಲವೆಂದರೆ ಬದುಕಿರುವವರ ಮೇಲಿನ ಹಗೆಯಲ್ಲ, ಸತ್ತವರಿಗೆ ತೋರುವ ನಿಷ್ಠೆ. ಸಂಧಿ ಮಾಡಿಕೊಂಡು ಉಳಿಯುವುದು ಸತ್ತವರಿಗೆ ಎಸಗುವ ದ್ರೋಹವಾಗುತ್ತದೆ. ವೈಶಂಪಾಯನ ಸರೋವರದ ತಣ್ಣೀರಿನಲ್ಲಿಯೂ ಭೀಮನ ಗರ್ಜನೆ ಕೇಳಿ ಮೈ ಬೆವರುವ ಪ್ರಸಿದ್ಧ ಸನ್ನಿವೇಶವನ್ನು ರೋಷದ ಉರಿಯೆಂದು ವ್ಯಾಖ್ಯಾನಿಸುವುದು ವಾಡಿಕೆ. ಅಡಗಿದರೂ ಕಾವಲು ಬಿಡಲಾರದ ಮೈಯ ಚಿತ್ರವಾಗಿಯೂ ಅದು ಅಷ್ಟೇ ಸತ್ಯ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಪ್ರಲಾಪವೆಂಬುದು ಕಾವ್ಯಸಂಪ್ರದಾಯ, ಕರುಣರಸದ ಅಂಗ. ಹತ್ತನೆಯ ಶತಮಾನದ ಆಸ್ಥಾನಕವಿಯ ಪಾತ್ರಕ್ಕೆ ಇಪ್ಪತ್ತನೆಯ ಶತಮಾನದ ರೋಗದ ಹೆಸರು ಹಚ್ಚುವುದು ಕಾಲವಿಪರ್ಯಾಸವಲ್ಲವೇ? ಆಕ್ಷೇಪವನ್ನು ನಾವು ಗೌರವಿಸುತ್ತೇವೆ. ದುರ್ಯೋಧನನು ರೋಗಿಯಲ್ಲ, ವಿಮರ್ಶಕನು ವೈದ್ಯನಲ್ಲ. ನಾವು ಎರವಲು ತರುತ್ತಿರುವುದು ರೋಗದ ಹೆಸರನ್ನಲ್ಲ, ಒಂದು ಪ್ರಶ್ನೆಯನ್ನು: ಈ ಶೋಕವನ್ನು ಕೇಳುವವರು ಯಾರು? ಕಾವ್ಯವೇ ಇದಕ್ಕೆ ಉತ್ತರ ಕೊಡುತ್ತದೆ. ಜೊತೆಯಲ್ಲಿರುವವನು ಸಂಜಯನೊಬ್ಬನೇ. ಅವನು ಹಿತೈಷಿ, ಆದರೆ ಪ್ರತಿ ಹೆಜ್ಜೆಗೂ ಅರಸನನ್ನು ಮುಂದಕ್ಕೆ ಕರೆದೊಯ್ಯಬೇಕಾದವನು. ತಂದೆತಾಯಿಗಳಿಗೆ ಉಳಿದೊಬ್ಬ ಮಗನ ಜೀವ ಬೇಕು, ಭೀಷ್ಮನಿಗೆ ಕುಲ ಉಳಿಯಬೇಕು. ಎಲ್ಲರಲ್ಲೂ ಬುದ್ಧಿಮಾತಿದೆ, ಅಳುವನ್ನು ಅಳಲು ಬಿಡುವ ವ್ಯವಧಾನ ಯಾರಲ್ಲೂ ಇಲ್ಲ. ಕಾವ್ಯವಾದರೂ ಸತ್ಯಾಶ್ರಯನೊಡನೆ ಸಮೀಕರಿಸಿದ ಭೀಮನ ಪಟ್ಟಾಭಿಷೇಕದ ಕಡೆಗೆ ನಡೆಯಬೇಕಾಗಿದೆ.

ಇದೇ ಪ್ರಶ್ನೆಯನ್ನು ಅಶ್ವತ್ಥಾಮನ ಕಥೆ ಇನ್ನಷ್ಟು ತೀವ್ರವಾಗಿ ಒಡ್ಡುತ್ತದೆ. ಸಂಸ್ಕೃತ ಭಾರತದ ಸೌಪ್ತಿಕಪರ್ವದಲ್ಲಿ ಕೃಷ್ಣನು ಅವನಿಗೆ ಕೊಡುವ ಶಾಪ ಸಾವಿನದಲ್ಲ. ಮೂರು ಸಾವಿರ ವರ್ಷ, ಕೀವುನೆತ್ತರಿನ ನಾತ ಹೊತ್ತು, ಜೊತೆಯಿಲ್ಲದೆ, ಯಾರೊಡನೆಯೂ ಮಾತುಕತೆಯಿಲ್ಲದೆ ಅಲೆಯುವುದು. ಗಾಯ ಮತ್ತು ಮಾತಿಲ್ಲದಿರುವಿಕೆ ಇಲ್ಲಿ ಒಂದೇ ಶಾಪದ ಎರಡು ಮುಖಗಳು. ೧೯೨೯ರಲ್ಲಿ ಬಿ.ಎಂ.ಶ್ರೀ. ಅವರು ಸೊಫೊಕ್ಲಿಸನ ‘ಅಜಾಕ್ಸ್’ ನಾಟಕದ ಆಧಾರದ ಮೇಲೆ ‘ಅಶ್ವತ್ಥಾಮನ್’ ರಚಿಸಿದಾಗ ಚಿರಂಜೀವಿಯೆಂದು ಹೆಸರಾದವನನ್ನು ಆತ್ಮಹತ್ಯೆಗೆ ಒಯ್ದರು. ಪರಂಪರೆಗೆ ಅಪಚಾರವಾಯಿತೆಂದು ಆಕ್ಷೇಪಿಸಿದವರೂ ಉಂಟು, ದುರಂತದ ತರ್ಕಕ್ಕೆ ಅದು ಅನಿವಾರ್ಯವೆಂದು ಸಮರ್ಥಿಸಿದವರೂ ಉಂಟು. ಎರಡು ಅಂತ್ಯಗಳೂ ಒಂದೇ ಸ್ಥಿತಿಯ ಎರಡು ರೂಪಗಳೆಂದು ನಮಗೆ ತೋರುತ್ತದೆ. ಕೇಳುವವರಿಲ್ಲದೆ ಎಂದೆಂದಿಗೂ ಅಲೆಯುವುದು ಒಂದು, ಅದನ್ನು ತಾಳಲಾರದೆ ತನ್ನ ಕೈಯಿಂದಲೇ ಮುಗಿಸುವುದು ಇನ್ನೊಂದು.

ಶ್ರೀಯವರು ಆರಿಸಿಕೊಂಡ ಮೂಲ ನಾಟಕದ ಇತ್ತೀಚಿನ ಬಾಳು ಇಲ್ಲಿ ಉಲ್ಲೇಖನೀಯ. ಅಮೆರಿಕದ ಬ್ರಯಾನ್ ಡೋರಿಸ್ ಎಂಬ ನಿರ್ದೇಶಕರು ‘ಥಿಯೇಟರ್ ಆಫ್ ವಾರ್’ ಯೋಜನೆಯಲ್ಲಿ ‘ಅಜಾಕ್ಸ್’ ಮತ್ತು ‘ಫಿಲೊಕ್ಟಿಟಿಸ್’ ನಾಟಕಗಳ ಭಾಗಗಳನ್ನು ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದ ಸೈನಿಕರ ಮತ್ತು ಅವರ ಕುಟುಂಬದವರ ಮುಂದೆ ಓದಿಸಿದರು. ಓದು ಮುಗಿದ ಮೇಲೆ ಸಭೆಯೇ ಮಾತನಾಡತೊಡಗುತ್ತದೆ. ಪಾತ್ರದ ನೋವು ಪ್ರೇಕ್ಷಕನ ನೋವಿಗೆ ಬಾಯಾಗುತ್ತದೆ. ನಾವು ಗ್ರೀಕ್ ಅನುಕರಣೆಯ ಔಚಿತ್ಯವನ್ನು ಚರ್ಚಿಸುತ್ತ ಕುಳಿತ ಕೃತಿಯ ಮೂಲವು ಬೇರೆಡೆ ಗಾಯ ತೊಳೆಯುವ ಕೆಲಸಕ್ಕೆ ಬಂದಿದೆ.

ಹಾಗಾದರೆ ನಮ್ಮ ಪರಂಪರೆಯಲ್ಲಿ ಚೇತರಿಕೆಯ ಮಾದರಿಗಳಿಲ್ಲವೇ? ಇವೆ. ಸಂಸ್ಕೃತ ಭಾರತದ ಸ್ತ್ರೀಪರ್ವದಲ್ಲಿ ಎರಡೂ ಪಕ್ಷದ ಹೆಂಗಸರು ರಣಭೂಮಿಗೆ ಬಂದು ಗೋಳಾಡುತ್ತಾರೆ. ಗಂಗೆಯ ತಡಿಯಲ್ಲಿ ಸತ್ತವರಿಗೆಲ್ಲ ತರ್ಪಣ ಸಲ್ಲುತ್ತದೆ. ಕರ್ಣನ ಗುಟ್ಟನ್ನು ಕುಂತಿ ಹೊರಗೆಡಹುವುದೂ ಆ ನೀರಿನ ಬಳಿಯಲ್ಲಿಯೇ. ಗೆದ್ದ ಧರ್ಮರಾಯನು ರಾಜ್ಯ ಬೇಡವೆಂದು ಕಾಡಿಗೆ ಹೊರಡಲು ಸಿದ್ಧನಾಗುತ್ತಾನೆ. ತಮ್ಮಂದಿರು, ದ್ರೌಪದಿ, ವ್ಯಾಸ, ಕೃಷ್ಣ ಒಬ್ಬೊಬ್ಬರಾಗಿ ವಾದಿಸುತ್ತಾರೆ. ಕೊನೆಗೆ ಅವನು ಪ್ರಶ್ನೆ ಕೇಳಲು ಕುಳಿತುಕೊಳ್ಳುವುದು ತಾನೇ ಉರುಳಿಸಿದ ಭೀಷ್ಮನ ಬಳಿಯಲ್ಲಿ. ಶಾಂತಿಪರ್ವದ ದೈರ್ಘ್ಯವನ್ನು ಪ್ರಕ್ಷೇಪವೆಂದು ತಳ್ಳಿಹಾಕುವವರು ಈ ಅಂಶವನ್ನು ಗಮನಿಸಬೇಕು: ಹದಿನೆಂಟು ದಿನದ ಯುದ್ಧದ ಗಾಯಕ್ಕೆ ಅಷ್ಟು ಉದ್ದದ ಮಾತುಕತೆ ಬೇಕಾಗುತ್ತದೆಂದು ಗ್ರಂಥ ತಿಳಿದಿದೆ. ಹರ್ಮನ್ ಹೇಳುವ ಎರಡನೆಯ, ಮೂರನೆಯ ಹಂತಗಳು ಇಲ್ಲಿ ಕರ್ಮಾಂಗವಾಗಿ, ಸಂವಾದವಾಗಿ, ರಾಜಕಾರ್ಯವಾಗಿ ಮೈದಳೆದಿವೆ. ದುರ್ಯೋಧನನಿಗೆ ದೊರೆಯದೆ ಹೋದದ್ದು, ಅಶ್ವತ್ಥಾಮನಿಗೆ ಶಾಪವಾಗಿ ತಪ್ಪಿಹೋದದ್ದು ಇದೇ.

ಕನ್ನಡ ನಾಡು ಸತ್ತ ವೀರನಿಗಾಗಿ ವೀರಗಲ್ಲುಗಳನ್ನು ನಿಲ್ಲಿಸಿತು. ಕಾಳಗ, ದಿವ್ಯಾಂಗನೆಯರ ಜೊತೆ ಸ್ವರ್ಗಾರೋಹಣ, ದೇವಸನ್ನಿಧಿ ಎಂಬ ಹಂತಗಳಲ್ಲಿ ಊರಿನ ಶೋಕವು ಕಲ್ಲಾಗಿ ನಿಂತಿತು. ಮರಳಿ ಬಂದವನಿಗೆ ಅಂಥ ಕಲ್ಲಿಲ್ಲ. ಹೀಗೆ ಮರಳಿದವನೊಬ್ಬನ ಸುಳಿವು ಆತಕೂರಿನ ಶಾಸನದಲ್ಲಿದೆ. ಇಂದು ತಮಿಳುನಾಡಿನ ರಾಣಿಪೇಟೆ ಜಿಲ್ಲೆಯಲ್ಲಿರುವ ತಕ್ಕೋಲದಲ್ಲಿ ೯೪೯ರಲ್ಲಿ ಚೋಳ ರಾಜಾದಿತ್ಯನ ವಿರುದ್ಧ ನಡೆದ ಯುದ್ಧದಲ್ಲಿ ಹೋರಾಡಿದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದ್ದನ್ನು ಬೇಡು ಎಂದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಿ ಸತ್ತಾಗ ಅದಕ್ಕೊಂದು ಕಲ್ಲು ನಿಂತಿತು. ಬೇಟೆಯ ಮೇಲಿನ ಪ್ರೀತಿಯೇ ಅವನ ಬೇಡಿಕೆಗೆ ಕಾರಣವಾಗಿರಬಹುದು, ಹೆಚ್ಚಿನ ಅರ್ಥವನ್ನು ನಾವು ಅದರ ಮೇಲೆ ಹೇರುವುದಿಲ್ಲ. ಆದರೆ ಯುದ್ಧದಿಂದ ಬಂದವನು ಏನನ್ನು ಬೇಡುತ್ತಾನೆಂದು ಕೇಳುವ ಅಭ್ಯಾಸ ನಮ್ಮ ಶಾಸನಾಧ್ಯಯನಕ್ಕೆ ಇನ್ನೂ ಬಂದಿಲ್ಲವೆಂದು ಮಾತ್ರ ಹೇಳಬಯಸುತ್ತೇವೆ.

ಒಟ್ಟಾರೆಯಾಗಿ ಹೇಳುವುದಾದರೆ, ಛಲವನ್ನು ಕೇವಲ ಹಿರಿಮೆಯೆಂದು ಬೋಧಿಸುವಾಗ ನಾವು ನಮಗರಿವಿಲ್ಲದೆ ಸಾಯಹೊರಟವನನ್ನು ಹೊಗಳಿ ಕಳುಹಿಸುವ ಸಭಾಸದರಾಗುತ್ತೇವೆ. ನಮ್ಮ ತರಗತಿಗಳಲ್ಲಿ ಸೈನಿಕರ ಮಕ್ಕಳಿದ್ದಾರೆ, ಗಲಭೆ-ನಿರಾಶ್ರಿತತೆಗಳನ್ನು ಕಂಡ ಮನೆಗಳಿಂದ ಬಂದವರೂ ಇದ್ದಾರೆ. ಅವರ ಮುಂದೆ ರನ್ನನ ಆ ನಡಿಗೆಯನ್ನು ಓದುವಾಗ ಅಲಂಕಾರಗಳನ್ನು ಎಣಿಸುವ ಮೊದಲು, ಈ ಮನುಷ್ಯನ ಮಾತನ್ನು ಯಾರಾದರೂ ಪೂರ್ತಿ ಕೇಳಿಸಿಕೊಂಡರೇ ಎಂದು ಕೇಳುವುದು ಅಗತ್ಯ. ಸಂಜಯನಿಗೆ ಅವಸರವಿತ್ತು. ಸಾವಿರ ವರ್ಷಗಳ ನಂತರ ಓದುತ್ತಿರುವ ನಮಗೆ ಆ ಅವಸರವಿಲ್ಲ.