ಕೈವಾರದ ಕಡೆಯಿಂದ ಬೇವುಲ್ಫ್: ರಸಿಕರಿಗೊಂದು ಕೈಪಿಡಿ

ಇಂಗ್ಲಿಷಿನ ಮೊದಲ ದೊಡ್ಡ ವೀರಕಾವ್ಯ ಬೇವುಲ್ಫ್. ಅದನ್ನು ಹೊಸದಾಗಿ ಓದುವವರು ರಾಕ್ಷಸ ಗ್ರೆಂಡಲ್, ಅವನ ತಾಯಿ, ಬೆಂಕಿಯುಗುಳುವ ಸರ್ಪ ಎಂಬ ಮೂರು ಕಾಳಗಗಳಿಗಾಗಿ ಪುಟ ತಿರುವುತ್ತಾರೆ. ನಡುವಿನ ವಂಶಕಥೆ, ಔತಣ, ಉಡುಗೊರೆಗಳೆಲ್ಲ ಅವರಿಗೆ ಅಡ್ಡಮಾತು. ಆದರೆ 3,182 ಸಾಲುಗಳ ಈ ಕಾವ್ಯದ ಜೀವ ಆ ಅಡ್ಡಮಾತುಗಳಲ್ಲೇ ಇದೆ. ವೀರನ ತೋಳ್ಬಲವನ್ನಲ್ಲ, ಅವನ ಋಣವನ್ನು ಹಿಂಬಾಲಿಸಿ ಓದಬೇಕು. ಶಿಡ್ಲಘಟ್ಟದವರಿಗೆ ಇದು ಹೊಸ ಪಾಠವೇನಲ್ಲ. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂಬುದು ಸ್ಥಳಪುರಾಣ. ಭೀಮ ಬಂಡಿ ಹೊಡೆದುಕೊಂಡು ಹೋದದ್ದು ಹೆಸರಿಗಾಗಿ ಅಲ್ಲ. ತಲೆಮರೆಸಿಕೊಂಡಿದ್ದವರಿಗೆ ನೆರಳು ಕೊಟ್ಟ ಮನೆಯ ಸರದಿ ಬಂದಿತ್ತು, ಆ ಋಣ ತೀರಬೇಕೆಂದು ಕುಂತಿ ಮಗನನ್ನು ಕಳುಹಿಸಿದಳು. ಕಾವ್ಯದ ನಾಯಕ ಬೇವುಲ್ಫ್ ಕಡಲು ದಾಟಿ ಡೇನರ ನಾಡಿಗೆ ಬಂದದ್ದಕ್ಕೂ ಇಂಥದೇ ಹಿನ್ನೆಲೆಯಿದೆ. ಅವನ ತಂದೆ ಮಾಡಿದ ಕೊಲೆಗೆ ಪರಿಹಾರಧನ ತೆತ್ತು ಹಗೆ ಆರಿಸಿದವನು ಡೇನರ ದೊರೆ ಹ್ರೋತ್‌ಗಾರ್. ಅದೇ ದೊರೆಯ ಸಭಾಮಂದಿರಕ್ಕೆ ಹನ್ನೆರಡು ವರ್ಷ ಗ್ರೆಂಡಲನ ಕಾಟ.

ಋಣಕ್ಕೆ ಇಷ್ಟು ಬೆಲೆ ಬಂದದ್ದೇಕೆಂದು ಚರಿತ್ರೆ ಹೇಳುತ್ತದೆ. 5ನೇ ಶತಮಾನದಲ್ಲಿ ರೋಮನ್ನರ ಆಳ್ವಿಕೆ ಕಳಚಿದ ಬ್ರಿಟನ್ನಿಗೆ ಆಂಗ್ಲರು, ಸ್ಯಾಕ್ಸನರು, ಜೂಟರು ಬಂದು ನೆಲೆಸಿದರು. ಗಟ್ಟಿಯಾದ ರಾಜ್ಯವ್ಯವಸ್ಥೆ ಇಲ್ಲದ ಕಡೆ ಒಡೆಯ ಮತ್ತು ಆಳಿನ ನಡುವಿನ ಮಾತೇ ಕಾನೂನು: ಒಡೆಯ ಉಂಗುರ, ಕತ್ತಿ, ಭೂಮಿ ಕೊಡುತ್ತಾನೆ; ಆಳು ಪ್ರಾಣ ಕೊಡುತ್ತಾನೆ. 597ರಲ್ಲಿ ಕ್ರೈಸ್ತ ಪ್ರಚಾರಕರು ಬಂದ ಮೇಲೂ ಈ ನೀತಿ ಅಳಿಯಲಿಲ್ಲ. ಬೇವುಲ್ಫ್ ಕವಿ ಸ್ವತಃ ಕ್ರೈಸ್ತ; ಆದರೂ ಹಳೆಯ ವೀರರನ್ನು ಮರುಕದಿಂದ, ಗೌರವದಿಂದ ನೋಡುತ್ತಾನೆ. ಸುಮಾರು ಕ್ರಿ.ಶ. 1000ರ ಒಂದೇ ಹಸ್ತಪ್ರತಿಯಲ್ಲಿ ಉಳಿದ ಈ ಕಾವ್ಯ 1731ರ ಬೆಂಕಿಯಲ್ಲಿ ಅಂಚು ಸುಟ್ಟುಕೊಂಡು ಪಾರಾಯಿತು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಗಂಗರು, ನೊಳಂಬರು ಕಾದಾಡಿದ ನಮ್ಮ ಸೀಮೆಯಲ್ಲಿ ವೀರಗಲ್ಲುಗಳು ಎದ್ದವು. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಬರಹಗಳೂ ಇವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಬರಹವಿದ್ದರೆ ಯಾರಿಗಾಗಿ ಸತ್ತ, ಅವನ ಮನೆಗೆ ಯಾವ ನೆಲ ಬಿಟ್ಟರು ಎಂಬುದೂ ಸಿಗಬಹುದು. ಹೀಗೆ ಬಿಟ್ಟ ನೆಲವೇ ನೆತ್ತರುಕೊಡಗೆ. ಬೇಗೂರಿನ ಶಾಸನದಲ್ಲಿ ನಾಗತರ ತುಂಬೆಪಾಡಿಯಲ್ಲಿ ವೀರಮಹೇಂದ್ರನೊಡನೆ ಕಾದಿ ಮಡಿದ ಮೇಲೆ, ಗಂಗದೊರೆ ಎರೆಯಪ್ಪ ನಾಗತರನ ಪಟ್ಟವನ್ನೂ ಹನ್ನೆರಡು ಊರುಗಳನ್ನೂ ಇರುಗನಿಗೆ ಕೊಡುತ್ತಾನೆ. ಯುದ್ಧಕ್ಕಿಂತ ಕೊಡುಗೆಯ ವಿವರಕ್ಕೇ ಅಲ್ಲಿ ಹೆಚ್ಚು ಜಾಗ. ಕಲ್ಲು ನೆಡಿಸಿದವರು ಅದನ್ನು ಅಡ್ಡಮಾತೆಂದುಕೊಳ್ಳಲಿಲ್ಲ.

ಹೀಗೆ ಋಣವನ್ನು ಹಿಂಬಾಲಿಸಿ ಓದುವುದಕ್ಕೆ ಆಕ್ಷೇಪವಿದೆ. ಬೇವುಲ್ಫ್ ಮುಗಿಯುವುದೇ ನಾಯಕನ ಕೀರ್ತಿಯ ಹಂಬಲವನ್ನು ಹೇಳುತ್ತ; ಹಾಗಿದ್ದಮೇಲೆ ಋಣದ ಮಾತೇಕೆ? ಏಕೆಂದರೆ ಕೀರ್ತಿ ಉಳಿದವರು ತೀರಿಸಬೇಕಾದ ಬಾಕಿ. ಕಡಲ ಯಾತ್ರಿಕರಿಗೆ ಕಾಣುವಂತೆ ತನಗೊಂದು ಸಮಾಧಿ ದಿಬ್ಬ ಕಟ್ಟಿ ಎಂದು ಸಾಯುವ ಮುನ್ನ ಬೇವುಲ್ಫ್ ಕೇಳುತ್ತಾನೆ, ಜನ ಕಟ್ಟುತ್ತಾರೆ. ಎರಡನೆಯ ಆಕ್ಷೇಪ ಇನ್ನೂ ಬಿರುಸಿನದು: ಆಳುಗಳನ್ನು ಸಾಯಿಸಲು ಒಡೆಯರು ಹೂಡಿದ ಉಪಾಯವಲ್ಲವೇ ಈ ಋಣ? ಶಾಸನದ ಮಟ್ಟಿಗೆ ಈ ಅನುಮಾನ ನ್ಯಾಯವಾದದ್ದು. ಕಲ್ಲು ನೆಡಿಸಿದವನ ದನಿಯೇ ಅಲ್ಲಿ ಕೇಳುವುದು. ಕಾವ್ಯ ಮಾತ್ರ ಲೆಕ್ಕ ತಪ್ಪಿದ್ದನ್ನೂ ಬರೆದಿಡುತ್ತದೆ. ಸರ್ಪದ ಬೆಂಕಿಗೆ ಹೆದರಿ ಬೇವುಲ್ಫನ ಆಳುಗಳಲ್ಲಿ ಹತ್ತು ಮಂದಿ ಕಾಡಿಗೆ ಓಡುತ್ತಾರೆ, ವಿಗ್ಲಾಫ್ ಒಬ್ಬನೇ ನಿಲ್ಲುತ್ತಾನೆ. ಹಗೆಯ ಎರಡು ಬಣಗಳ ನಡುವೆ ಸಿಕ್ಕ ಹಿಲ್ಡೆಬುರ್ ತನ್ನ ಮಗನನ್ನೂ ಸೋದರನನ್ನೂ ಒಂದೇ ಚಿತೆಗೆ ಏರಿಸಬೇಕಾಗುತ್ತದೆ. ಹುಟ್ಟಿನ ಗುಟ್ಟು ತಿಳಿದೂ ದುರ್ಯೋಧನನನ್ನು ಬಿಡದ ಪಂಪನ ಕರ್ಣನನ್ನು ಬಲ್ಲವರಿಗೆ, ಋಣ ಹಿರಿಮೆಯೂ ಹೌದು ಉರುಳೂ ಹೌದೆಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಮೂಲದ ದನಿಯನ್ನು, ಅರ್ಥವಾಗದಿದ್ದರೂ, ಒಮ್ಮೆ ಕೇಳಿ: ಸಾಲಿನ ನಡುವೆ ಒಂದು ನಿಲುಗಡೆ, ಒತ್ತು ಬೀಳುವ ಪದಗಳ ಮೊದಲ ದನಿ ಮರುಕಳಿಸಿ ಎರಡು ಅರ್ಧಗಳನ್ನು ಬೆಸೆಯುತ್ತದೆ. ದ್ವಿತೀಯಾಕ್ಷರ ಪ್ರಾಸಕ್ಕೆ ಪಳಗಿದ ಕಿವಿಗೆ ಇದು ಬೇಗ ಹಿಡಿಸುತ್ತದೆ. ಆಮೇಲೆ ಅನುವಾದದಲ್ಲಿ ಹಿಲ್ಡೆಬುರ್ ಮತ್ತು ವಿಗ್ಲಾಫರ ಭಾಗಗಳನ್ನು ಓದಿ, ಕಾಳಗಗಳನ್ನು ಕೊನೆಗಿಡಿ. ಯಾರು ಯಾರಿಗೆ ಏನು ಕೊಡಬೇಕಿತ್ತು ಎಂದು ಗೊತ್ತಿದ್ದರೆ ಕತ್ತಿಯ ಪ್ರತಿ ಏಟಿಗೂ ಕಾರಣ ತಿಳಿಯುತ್ತದೆ. ಇಲ್ಲವಾದರೆ ಉಳಿಯುವುದು ಬರೀ ಹೊಡೆದಾಟ.